ಎಣ್ಣೆ, ಮಣ್ಣು, ಪಥ್ಯಕ್ಕೆ ಹೋಗಬಹುದು. ಪುಡಿ ಪೊಟ್ಟಣಕ್ಕೆ ಬೇಡ

ಬೆಳಗಾವಿಯ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಹಳೆಯ ಹೆಂಚಿನ ಬಂಗಲೆಯನ್ನು ಮಾರ್ಪಡಿಸಿ ನಡೆಸುತ್ತಿರುವ ಪ್ರಕೃತಿ ಚಿಕಿತ್ಸೆ ಮತ್ತು ಪಂಚಕರ್ಮ ಕೇಂದ್ರವೊಂದಕ್ಕೆ ಈ ಮಳೆಗಾಲದಲ್ಲಿ ನಾವು ಅತ್ತೆ ಸೊಸೆ ಇಬ್ಬರೂ ಹೊರರೋಗಿಗಳಾಗಿ ಹೋಗಿ ಬಂದೆವು. ಅತ್ತೆಯವರದು ಮೊಣಕಾಲು ನೋವು. ವಡಗಾವಿಯ ಮನೆಯಲ್ಲಿ ಅರ್ಧ ಆಯುಷ್ಯವನ್ನು ಮಗ್ಗದ ಮುಂದೆಯೇ ಕಳೆದವರು. ನನ್ನದು ಹಳೆಯ ಮಲಬದ್ಧತೆ, ಜೊತೆಗೆ ಜೂನ್ ಬಂತೆಂದರೆ ಕಟ್ಟಿಕೊಂಡು ದೀಪಾವಳಿಯವರೆಗೂ ಬಿಡದ ಮೂಗು. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಆಕ್ಷೇಪಗಳನ್ನು ಅವರಿಗೆ ಲಿಖಿತವಾಗಿ ಕೊಟ್ಟಿದ್ದೇನೆ, ತಿದ್ದಿಕೊಳ್ಳಲು ಅವಕಾಶ ಇರಲಿ ಎಂಬುದು ಒಂದು ಕಾರಣ. ಇಂಥ ಕೇಂದ್ರಗಳು ನಮ್ಮ ಊರಿನಲ್ಲಿ ಈಗ ಹಲವಾರು ಇದ್ದು, ಒಂದರ ಗುಣದೋಷ ತಿಳಿದರೆ ಉಳಿದವುಗಳನ್ನು ಅಳೆಯುವುದು ಸುಲಭ ಎಂಬುದು ಇನ್ನೊಂದು.

ಬೆಳಗಾವಿಯ ಜನರಿಗೆ ಈ ಚಿಕಿತ್ಸೆಗಳು ಹೊಸವಲ್ಲ. ಶಹಾಪುರದಲ್ಲಿ ಕೆ.ಎಲ್.ಇ. ಸಂಸ್ಥೆಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ ಮತ್ತು ಅದರ ಆಸ್ಪತ್ರೆ ಇವೆ. ನೆಹರೂ ನಗರದಲ್ಲಿ 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಎಂದು ಕರೆಸಿಕೊಳ್ಳುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಸಂಸ್ಥೆಯೇ ಇದೆ. ಅನುಕೂಲವಿದ್ದವರು ಗಾಂಧೀಜಿಯವರು 1946ರಲ್ಲಿ ಪುಣೆಯ ಹತ್ತಿರ ಉರುಳಿ ಕಾಂಚನದಲ್ಲಿ ಸ್ಥಾಪಿಸಿದ ನಿಸರ್ಗೋಪಚಾರ ಆಶ್ರಮಕ್ಕೆ ಹೋಗಿ ಇದ್ದು ಬರುವುದೂ ಉಂಟು. ಆದ್ದರಿಂದ ಇಲ್ಲಿನ ರೋಗಿಗಳು ಏನು ಕೊಟ್ಟರೂ ತಲೆಯಾಡಿಸುವವರಲ್ಲ, ಹೋಲಿಸಿ ನೋಡುವವರು. ನಾನೂ ಹೋಲಿಸಿಯೇ ಬರೆಯುತ್ತಿದ್ದೇನೆ.

ಮೊದಲ ಒಳ್ಳೆಯ ಅಂಶ ವೈದ್ಯರು. ಒಬ್ಬರು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಾದ ಬಿ.ಎನ್.ವೈ.ಎಸ್. ಓದಿದವರು, ಇನ್ನೊಬ್ಬರು ಆಯುರ್ವೇದದ ಬಿ.ಎ.ಎಂ.ಎಸ್.; ಎರಡೂ ಒಂದು ವರ್ಷದ ತರಬೇತಿ ಸೇರಿ ಐದೂವರೆ ವರ್ಷದ ಪದವಿಗಳು. ಇಬ್ಬರ ನೋಂದಣಿ ಸಂಖ್ಯೆಯೂ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ಪಡೆದ ಪ್ರಮಾಣಪತ್ರವೂ ಪಡಸಾಲೆಯ ಗೋಡೆಯ ಮೇಲೆ ಇವೆ. ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ತೂಗುಹಾಕಿಕೊಂಡು ಡಾಕ್ಟರ್ ಎಂದು ಕರೆಸಿಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ಗೋಡೆಯನ್ನೇ. ವೈದ್ಯೆ ಅತ್ತೆಯವರ ಹಳೆಯ ಎಕ್ಸ್-ರೇ ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು, ಎರಡೂ ಮೊಣಕಾಲುಗಳ ಬಾವು, ಬಿಸಿ, ಬಾಗುವ ಪ್ರಮಾಣಗಳನ್ನು ಪರೀಕ್ಷಿಸಿದರು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಬರೆದುಕೊಂಡರು. ಕೊನೆಗೆ ಹೇಳಿದ್ದು ಇಷ್ಟು: "ಅಮ್ಮಾರ, ಸವದದ್ದು ತಿರುಗಿ ಬೆಳೆಯೂದಿಲ್ರಿ. ನೋವು ಕಡಿಮಿ ಮಾಡೂದು, ಕಾಲಿಗೆ ಬಲ ಕೊಡೂದು ನಮ್ಮ ಕೈಯಾಗಿನ ಕೆಲಸ. ಬಿ.ಪಿ. ಗುಳಿಗಿ ಮಾತ್ರ ಒಂದ ದಿನಾನೂ ಬಿಡಬ್ಯಾಡ್ರಿ." ಪರ್ಯಾಯ ಚಿಕಿತ್ಸೆಯ ಕೇಂದ್ರದಲ್ಲಿ ಕುಳಿತು ಅಲೋಪತಿ ಮಾತ್ರೆ ಬಿಡಬೇಡಿ ಎನ್ನುವ ವೈದ್ಯರಿದ್ದರೆ ಅಲ್ಲಿ ಧೈರ್ಯವಾಗಿ ಮುಂದುವರಿಯಬಹುದು ಎಂಬುದು ನನ್ನ ಎಣಿಕೆ.

ಇನ್ನು ಜಾನುಬಸ್ತಿ, ಅಂದರೆ ಮೊಣಕಾಲ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಚಿಕಿತ್ಸೆ. ಇಲ್ಲಿನ ಚಿಕಿತ್ಸೆಗಳಲ್ಲಿ ಅತ್ಯಂತ ಅಚ್ಚುಕಟ್ಟಾಗಿ ನಡೆಯುವುದು ಇದೇ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ನಾದಿ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಹುರಿಯಂತೆ ಹೊಸೆದು, ಮೊಣಕಾಲ ಚಿಪ್ಪಿನ ಸುತ್ತ ಕಟ್ಟೆಯಾಗಿ ಕೂರಿಸಿ, ಒದ್ದೆ ಬೆರಳಿನಿಂದ ಒಳಗೂ ಹೊರಗೂ ಸಂದು ಮುಚ್ಚುತ್ತಾರೆ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕಾಯಿಸಿದ ಮಹಾನಾರಾಯಣ ತೈಲವನ್ನು ಹತ್ತಿಯಲ್ಲಿ ಅದ್ದಿ, ಮೊದಲು ತಮ್ಮ ಮುಂಗೈ ಮೇಲೆ ಹಿಂಡಿ ನೋಡಿ, ಆಮೇಲೆ ಕಟ್ಟೆಯೊಳಗೆ ಹಿಂಡುತ್ತಾರೆ. ತಣ್ಣಗಾದಂತೆ ಅದೇ ಹತ್ತಿಯಿಂದ ಹೀರಿ ತೆಗೆದು ಬಿಸಿಯದನ್ನು ಹಾಕುತ್ತಾರೆ; ಅರ್ಧ ಗಂಟೆಯವರೆಗೆ ಇದೇ ಕೆಲಸ. ನಮಗೆ ಸಿಕ್ಕ ಹೆಣ್ಣುಮಗಳು ಬೈಲಹೊಂಗಲ ಕಡೆಯವಳು. ಆ ಅರ್ಧ ಗಂಟೆಯಲ್ಲಿ ಒಮ್ಮೆಯೂ ಮೊಬೈಲ್ ಮುಟ್ಟಲಿಲ್ಲ. "ಯಮ್ಮಾರ, ಕಾವು ತಡೀತೈತಿಲ್ರಿ? ಸುಡಾಕತ್ತರ ಮದ್ಲ ಹೇಳ್ರಿ ಮತ್ತ" ಎಂದು ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಕೇಳುತ್ತಿದ್ದಳು. ಸಕ್ಕರೆ ರೋಗದಿಂದ ಕಾಲಿನ ಸ್ಪರ್ಶ ಮಂದವಾದವರಿಗೆ ಎಣ್ಣೆ ಸುಟ್ಟರೂ ಗೊತ್ತಾಗುವುದಿಲ್ಲವಾದ್ದರಿಂದ ಹೀಗೆ ಕೇಳುವುದರ ಜೊತೆಗೆ ಮುಂಗೈ ಮೇಲೆ ನೋಡಿಕೊಳ್ಳುವುದೂ ಅಗತ್ಯ. ಬಳಸಿದ ತೈಲವನ್ನು ರೋಗಿಯ ಹೆಸರು, ತಾರೀಖು ಬರೆದ ಚೀಟಿ ಅಂಟಿಸಿದ ಬಾಟಲಿಯಲ್ಲಿ ಸೋಸಿ ಇಟ್ಟು ಅದೇ ರೋಗಿಗೆ ಮಾತ್ರ ಒಂದೆರಡು ಸಲ ಬಳಸಿ ಚೆಲ್ಲುತ್ತಾರೆ. ಎಲ್ಲರ ಎಣ್ಣೆಯನ್ನೂ ಒಂದೇ ಬೋಗುಣಿಗೆ ಸುರಿಯುವ ಜಾಗಗಳನ್ನು ಕಂಡವರಿಗೆ ಈ ಬಾಟಲಿಗಳ ಸಾಲಿನ ಬೆಲೆ ಗೊತ್ತಾದೀತು.

ಫಲ ಏನಾಯಿತು? ಮೊದಲ ವಾರದಲ್ಲೇ ಬೆಳಗಿನ ಬಿಗಿತ ಕಡಿಮೆಯಾಯಿತು. ಅಟ್ಟದ ಮೆಟ್ಟಿಲನ್ನು ಅತ್ತೆಯವರು ಗೋಡೆ ಹಿಡಿಯದೆ ಹತ್ತಿದರು. ಬಿಸಿಯಿಂದ ಆ ಭಾಗದ ರಕ್ತಸಂಚಾರ ಹೆಚ್ಚಿ, ಬಿಗಿದ ಸ್ನಾಯುಗಳು ಸಡಿಲಗೊಳ್ಳುವುದು ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ತೈಲದೊಳಗಿನ ಗಿಡಮೂಲಿಕೆಗಳ ಪಾಲೆಷ್ಟು, ಬರಿಯ ಬಿಸಿ ಎಳ್ಳೆಣ್ಣೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲು ಒಬ್ಬ ರೋಗಿಯ ಅನುಭವ ಸಾಲದು. ಎಣ್ಣೆಯ ಹಿತ ಚಿಕಿತ್ಸೆ ನಿಂತ ಮೇಲೆ ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿಯಿತು. ಇಳಿಯದೆ ಉಳಿದದ್ದು ವ್ಯಾಯಾಮದ ಫಲ. ಕೇಂದ್ರದ ಯೋಗ ಶಿಕ್ಷಕರು ಕುರ್ಚಿಯ ಮೇಲೆ ಕುಳಿತು ಕಾಲು ನೀಟಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು ಮುಂತಾಗಿ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ನಾಲ್ಕೈದು ಕ್ರಮಗಳನ್ನು ಕಲಿಸಿದರು. ಪದ್ಮಾಸನ, ವಜ್ರಾಸನಗಳನ್ನು ಖಡಾಖಂಡಿತವಾಗಿ ಬೇಡವೆಂದರು. ಮೊಣಕಾಲು ಸವೆತಕ್ಕೆ ಇಂದಿನ ವೈದ್ಯರು ಮೊದಲು ಕೊಡುವ ಸಲಹೆಯೂ ಇದೇ: ಸ್ನಾಯುವಿಗೆ ಬಲ, ದೇಹದ ತೂಕದಲ್ಲಿ ಇಳಿಕೆ. ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂಬುದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ. ಅತ್ತೆಯವರಿಗೆ ಈ ಲೆಕ್ಕ ಎಣ್ಣೆಗಿಂತ ಹೆಚ್ಚು ನಾಟಿತು. ಮಧ್ಯಾಹ್ನದ ಚಹಾದೊಂದಿಗೆ ಬರುತ್ತಿದ್ದ ಖಾರಾ, ಶೇವು ಮನೆಯಲ್ಲಿ ನಿಂತಿವೆ. ಯೋಗದ ಪಾಠ ಇಷ್ಟು ಉಪಯುಕ್ತವಾಗಿದ್ದರೂ ಕೇಂದ್ರದವರು ಅದನ್ನು ಪ್ಯಾಕೇಜಿನ ಕೊನೆಯಲ್ಲಿ ಉಚಿತ ಎಂದು ಸಣ್ಣಕ್ಷರದಲ್ಲಿ ಹಾಕಿರುವುದು ವಿಚಿತ್ರ. ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರವೂ ಇದ್ದರೆ, ಅಥವಾ ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗಬಾರದು, ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಈ ಎಚ್ಚರಿಕೆಯ ಫಲಕ ಇಲ್ಲಿ ಎಲ್ಲಿಯೂ ಕಾಣಲಿಲ್ಲ, ಇರಬೇಕಿತ್ತು.

ನನ್ನ ಮಲಬದ್ಧತೆಗೆ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಉಗುರುಬೆಚ್ಚಗಿನ ನೀರಿನ ಎನಿಮಾ, ಸೊಂಟದವರೆಗೆ ನೀರಿನಲ್ಲಿ ಕೂರುವ ಕಟಿಸ್ನಾನ, ಪಥ್ಯ ಎಂದು ಬರೆದುಕೊಟ್ಟರು. ಒದ್ದೆ ಬಟ್ಟೆಯಲ್ಲಿ ಇಟ್ಟಿಗೆಯಷ್ಟು ದಪ್ಪಕ್ಕೆ ಸುತ್ತಿದ ಮಣ್ಣನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗುವುದು ಬಿಸಿಲುಗಾಲದಲ್ಲಿ ಸುಖವೇ ಇರಬಹುದು. ಬೆಳಗಾವಿಯ ಜುಲೈ ತಿಂಗಳಲ್ಲಿ, ಹೊರಗೆ ಮಳೆ ಧೋ ಎಂದು ಸುರಿಯುತ್ತಿರುವಾಗ, ಅದೊಂದು ವ್ರತ. ಕೇಳಿದ ಮೇಲೆ ಹೊದಿಕೆ ಕೊಟ್ಟರು. ಮಣ್ಣನ್ನು ಬಿಸಿಲಿಗೆ ಒಣಗಿಸಿ ಜರಡಿ ಹಿಡಿದು ಬಳಸುತ್ತೇವೆ ಎಂದು ಹೇಳಿದರಾದರೂ ಮಳೆಗಾಲದಲ್ಲಿ ಆ ಬಿಸಿಲು ಎಲ್ಲಿಂದ ಬಂತೆಂಬ ಪ್ರಶ್ನೆಗೆ ಬೇಸಿಗೆಯಲ್ಲೇ ಒಣಗಿಸಿ ತುಂಬಿಟ್ಟ ಡ್ರಮ್ಮುಗಳನ್ನು ತೋರಿಸಿದರು, ಸಮಾಧಾನವಾಯಿತು. ಮಣ್ಣಿನ ಪಟ್ಟಿಯಿಂದ ಹೊಟ್ಟೆಗೆ ತಂಪು, ಮನಸ್ಸಿಗೆ ವಿಶ್ರಾಂತಿ ಸಿಕ್ಕಿತು. ದೇಹದ ವಿಷವನ್ನೆಲ್ಲ ಮಣ್ಣು ಹೀರಿಕೊಳ್ಳುತ್ತದೆ ಎಂದು ಅಲ್ಲಿನ ಕರಪತ್ರದಲ್ಲಿ ಬರೆದಿರುವ ಮಾತನ್ನು ನಾನು ನಂಬುವುದಿಲ್ಲ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಎನಿಮಾದಿಂದ ಅಂದಿನ ದಿನ ಹಗುರವಾಯಿತು ನಿಜ, ಆದರೆ ಅದು ರೂಢಿಯಾಗುವಂಥದ್ದಲ್ಲ ಎಂದು ವೈದ್ಯರೇ ಎಚ್ಚರಿಸಿದರು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಇಲ್ಲಿ ಎನಿಮಾ ಕೊಡುವುದಿಲ್ಲ.

ನಿಜವಾದ ಕೆಲಸ ಮಾಡಿದ್ದು ಅಡುಗೆಮನೆ. ಈ ಕೇಂದ್ರದ ಊಟದ ಕೋಣೆಗೆ ನಾನು ಧಾರಾಳವಾಗಿ ಅಂಕ ಕೊಡುತ್ತೇನೆ, ಏಕೆಂದರೆ ಪಥ್ಯ ಎಂದರೆ ಉಪ್ಪಿಲ್ಲದ ಸೋರೆಕಾಯಿ ರಸ ಎಂಬ ಹೆದರಿಕೆಯನ್ನು ಅವರು ಸುಳ್ಳು ಮಾಡಿದ್ದಾರೆ. ಬಿಸಿ ಜೋಳದ ರೊಟ್ಟಿ, ಮೊಳಕೆ ಬಂದ ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯೆ ಸೊಪ್ಪು ಮತ್ತು ಉಳ್ಳಾಗಡ್ಡಿ ತಪ್ಪಲು, ಗುರೆಳ್ಳು ಚಟ್ನಿ, ತೆಳ್ಳನೆಯ ಮಜ್ಜಿಗೆ: ನಮ್ಮ ಅಜ್ಜಿಯರ ದಿನದ ಊಟವೇ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇರುತ್ತದೆ. ಮೈದಾ ಪಾವಿಗೆ, ಪಾಲಿಶ್ ಮಾಡಿದ ಅಕ್ಕಿಗೆ ಹೊರಳಿದ ನಮ್ಮಂಥ ಮನೆಗಳಲ್ಲಿ ಹೊಟ್ಟೆ ಕಟ್ಟುವುದು ಆಶ್ಚರ್ಯವೇನಲ್ಲ. ರಾತ್ರಿ ಮಲಗುವ ಮುನ್ನ ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟದ ತುಂಬ ನೀರಿನಲ್ಲಿ ಕಲಸಿ ಒಡನೆ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು ಎಂದರು. ನೀರು ಕಡಿಮೆಯಾದರೆ ಅದು ಗಂಟಲಲ್ಲೋ ಕರುಳಲ್ಲೋ ಉಬ್ಬಿ ಕಟ್ಟಿಕೊಳ್ಳುವ ಅಪಾಯ ಇರುವುದರಿಂದ ನೀರಿನ ಅಳತೆಯನ್ನು ಮೂರು ಸಲ ಹೇಳಿದ್ದು ಸರಿಯಾಗಿಯೇ ಇತ್ತು. ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿಗಳ ತ್ರಿಫಲಾ ಚೂರ್ಣವನ್ನು ಇಸಬಗೋಲಿನಿಂದ ಆಗದಿದ್ದರೆ ಮಾತ್ರ ಎಂದು ಬದಿಗಿಟ್ಟರು. ಅದರ ಅಗತ್ಯ ಬೀಳಲಿಲ್ಲ.

ಕಟ್ಟಿದ ಮೂಗಿಗೆಂದು ಕಲಿಸಿದ ಜಲನೇತಿಯ, ಅಂದರೆ ಒಂದು ಹೊಳ್ಳೆಯಿಂದ ಉಪ್ಪುನೀರು ಬಿಟ್ಟು ಇನ್ನೊಂದರಿಂದ ಹರಿಸಿ ಮೂಗು ತೊಳೆಯುವ ಕ್ರಿಯೆಯ, ವಿಷಯದಲ್ಲಿ ನನ್ನ ಮೊದಲ ಆಕ್ಷೇಪ. ಕ್ರಿಯೆಯನ್ನು ಕಲಿಸಿದ ರೀತಿ ಚೆನ್ನಾಗಿತ್ತು: ತಲೆಯನ್ನು ಎಷ್ಟು ಓರೆ ಮಾಡಬೇಕು, ಬಾಯಿಯಿಂದ ಉಸಿರಾಡುತ್ತ ಹೇಗೆ ನಿಲ್ಲಬೇಕು, ಮುಗಿದ ಮೇಲೆ ಮೂಗನ್ನು ಜೋರಾಗಿ ಸೀನದೆ ಹೇಗೆ ಬರಿದು ಮಾಡಬೇಕು ಎಂದೆಲ್ಲ ತೋರಿಸಿಕೊಟ್ಟರು. ಲೀಟರಿಗೆ 9 ಗ್ರಾಂನಂತೆ, ಅಂದರೆ ಅರ್ಧ ಲೀಟರಿಗೆ ಒಂದು ಸಣ್ಣ ಚಮಚಕ್ಕೆ ತುಸು ಕಡಿಮೆ ಉಪ್ಪು ಬೆರೆಸಿದರೆ ಮೂಗು ಉರಿಯುವುದಿಲ್ಲ. ಆ ಅಳತೆಯೂ ಸರಿಯಿತ್ತು. ಆದರೆ ನೀರು ಮಾತ್ರ ಗೀಸರಿನ ನಲ್ಲಿಯಿಂದ ನೇರವಾಗಿ ಹಿಡಿದದ್ದು. ಮೂಗಿಗೆ ಹಾಕುವ ನೀರನ್ನು ಕುದಿಸಿ ಆರಿಸಿರಬೇಕು, ಇಲ್ಲವೆ ಭಟ್ಟಿ ಇಳಿಸಿದ ನೀರಾಗಿರಬೇಕು. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡದು, ಮೂಗಿನ ಮೂಲಕ ಹೋದರೆ ಮಿದುಳಿಗೆ ಏರುತ್ತದೆ. ಅಪರೂಪವಾದರೂ ತಗುಲಿದವರಲ್ಲಿ ಬಹುತೇಕರು ಬದುಕುವುದಿಲ್ಲ. ಸ್ಟೀಲಿನ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಇಡುವುದು ಇಂಥ ಕೇಂದ್ರಕ್ಕೆ ಎಷ್ಟರ ಖರ್ಚು? ಮನೆಯಲ್ಲಿ ಕುದಿಸಿ ಆರಿಸಿದ ನೀರಿನಿಂದ ಈಗಲೂ ಮಾಡುತ್ತಿದ್ದೇನೆ. ಮೂಗು ಬಿಡಿಸಿಕೊಂಡಿದೆ, ರಾತ್ರಿ ಬಾಯಿ ತೆರೆದು ಮಲಗುವುದು ತಪ್ಪಿದೆ.

ಅಕ್ಯುಪಂಕ್ಚರ್ ಕೂಡ ಇಲ್ಲಿ ಇದೆ, ನಾವು ಮಾಡಿಸಿಕೊಳ್ಳಲಿಲ್ಲ. ಪಕ್ಕದ ಮಂಚದಲ್ಲಿದ್ದವರೊಬ್ಬರು ನಡ ನೋವಿಗೆ ಬಹಳ ಹಿತವಾಯಿತು ಎಂದರು, ಸುಳ್ಳಿರಲಾರದು. ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ನಡ ನೋವಿನ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೂಜಿ ಚುಚ್ಚಿಸಿಕೊಂಡವರಿಗೆ ಮಾಮೂಲು ಚಿಕಿತ್ಸೆಗಿಂತ ಹೆಚ್ಚು ಗುಣ ಕಂಡಿತ್ತು. ಆದರೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿದರೂ ಎಲ್ಲೆಂದರಲ್ಲಿ ಮೇಲೆ ಮೇಲೆ ಚುಚ್ಚಿದರೂ ಗುಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಸೂಜಿಗಳು ಒಮ್ಮೆ ಬಳಸಿ ಬಿಸಾಡುವಂಥವೇ ಎಂದು ಪೊಟ್ಟಣ ನೋಡಿ ಕೇಳಿಕೊಂಡರೆ ಸಾಕು. ಅಯಸ್ಕಾಂತ ಚಿಕಿತ್ಸೆ, ಬಣ್ಣದ ಬಾಟಲಿಯ ನೀರು ಇವುಗಳ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ, ಹಣ ಉಳಿಸಿಕೊಳ್ಳಬಹುದು ಎಂಬುದರ ಹೊರತು.

ಈಗ ಔಷಧ ಮಾರಾಟದ ಕೌಂಟರು. ಒಳಗೆ ವೈದ್ಯರು ಎಷ್ಟು ಎಚ್ಚರದಿಂದ ನಡೆದುಕೊಂಡರೋ ಹೊರಗಿನ ಈ ಕೌಂಟರಿನಲ್ಲಿ ಅಷ್ಟೇ ಅಸಡ್ಡೆ ಕಂಡಿತು. ಅತ್ತೆಯವರಿಗೆ ಕೆಮ್ಮು ಎಂದಾಕ್ಷಣ ಜ್ಯೇಷ್ಠಮಧು ಪ್ರಧಾನವಾದ ಕಷಾಯದ ಪುಡಿಯನ್ನು ತಿಂಗಳಿಗಾಗುವಷ್ಟು ಕಟ್ಟಿಕೊಟ್ಟರು; ಬಿ.ಪಿ. ಇದೆ ಎಂದು ಚೀಟಿಯ ಮೇಲೇ ಬರೆದಿತ್ತು. ಜ್ಯೇಷ್ಠಮಧುವನ್ನು ದಿನವೂ ವಾರಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆ. ವೈದ್ಯೆಗೆ ತೋರಿಸಿದ ಕೂಡಲೆ ಅವರೇ ಹಿಂದಿರುಗಿಸಿದರು, ಹಣವೂ ವಾಪಸ್ಸಾಯಿತು. ಆದರೆ ಎಲ್ಲ ರೋಗಿಗಳೂ ತಿರುಗಿ ಒಳಗೆ ಹೋಗಿ ಕೇಳುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ವಾತದ ಪುಡಿ ಎಂದು ಮಾರುವ ಕಂದುಬಣ್ಣದ ಪೊಟ್ಟಣ. ಅದರ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನಾಂಕ, ಒಳಗಿರುವ ಪದಾರ್ಥಗಳ ಪಟ್ಟಿ ಇವುಗಳಲ್ಲಿ ಒಂದೂ ಇಲ್ಲ, ಬಾಲ್‌ಪೆನ್ನಿನಲ್ಲಿ "ದಿನಾ 2 ಸಲ" ಎಂದು ಮಾತ್ರ ಇದೆ. ಆಯುರ್ವೇದ ಔಷಧಕ್ಕೂ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಈ ವಿವರಗಳೆಲ್ಲ ಇರಲೇಬೇಕು. ಕೀಲುನೋವಿನ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವ ಚಾಳಿಯ ಬಗ್ಗೆ ವೈದ್ಯರು ಬಹಳ ಕಾಲದಿಂದ ಎಚ್ಚರಿಸುತ್ತಲೇ ಇದ್ದಾರೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಮಾಯವಾಗಿ, ತಿಂಗಳಲ್ಲಿ ಮುಖ ಊದಿ, ಸಕ್ಕರೆ ಏರಿದರೆ ಅನುಮಾನ ಪಡಬೇಕು. ಈ ಪೊಟ್ಟಣದಲ್ಲಿ ಏನಿತ್ತೋ ಪರೀಕ್ಷಿಸಿಲ್ಲ, ಆದ್ದರಿಂದ ಆರೋಪ ಮಾಡುತ್ತಿಲ್ಲ; ಬರೆದಿಲ್ಲದ್ದನ್ನು ಹೊಟ್ಟೆಗೆ ಹಾಕುವುದಿಲ್ಲ, ಅಷ್ಟೇ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದದ್ದು ದೊಡ್ಡ ಸುದ್ದಿಯಾಗಿತ್ತು. ಲೇಬಲ್ಲಿರುವ ಪೊಟ್ಟಣಗಳ ಕಥೆಯೇ ಹಾಗಿದ್ದರೆ ಲೇಬಲ್ಲಿಲ್ಲದವುಗಳ ಮಾತೇನು?

ಅರಿಶಿನದ ಸಾರದ ಕ್ಯಾಪ್ಸೂಲು, ಅಮೃತಬಳ್ಳಿ ಮಾತ್ರೆಗಳನ್ನೂ ಇಲ್ಲಿ ಧಾರಾಳವಾಗಿ ಕೊಡುತ್ತಾರೆ. ಸಾರಿಗೆ ಹಾಕುವ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಕ್ಯಾಪ್ಸೂಲಿನಲ್ಲಿ ಅದನ್ನೇ ಭಟ್ಟಿ ಇಳಿಸಿದಂತೆ ಗಾಢವಾಗಿಸಿ, ಮೆಣಸಿನ ಸಾರ ಸೇರಿಸಿ ಮೈಗೆ ಹತ್ತುವಂತೆ ಮಾಡಿರುತ್ತಾರೆ. ಅಡುಗೆಯ ಅರಿಶಿನ ನಿರುಪದ್ರವಿ ಎಂಬ ಮಾತ್ರಕ್ಕೆ ಈ ಕ್ಯಾಪ್ಸೂಲೂ ನಿರುಪದ್ರವಿ ಎನ್ನಲಾಗದು. ಎರಡರಿಂದಲೂ, ಅಂದರೆ ಇಂಥ ಕ್ಯಾಪ್ಸೂಲಿನಿಂದಲೂ ಕೊರೋನಾ ಕಾಲದಲ್ಲಿ ಮನೆಮನೆಯಲ್ಲಿ ಕುಡಿದ ಅಮೃತಬಳ್ಳಿಯಿಂದಲೂ, ಯಕೃತ್ತಿಗೆ ಪೆಟ್ಟು ಬಿದ್ದ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಕೌಂಟರಿನ ಹಿಂದಿನ ಗೋಡೆಯ ಮೇಲೆ "ಸಕ್ಕರೆ ಕಾಯಿಲೆಯಿಂದ ಶಾಶ್ವತ ಮುಕ್ತಿ" ಎಂಬ ಬ್ಯಾನರು ಇದೆ. ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಅಧಿನಿಯಮ ನಿಷೇಧಿಸುತ್ತದೆ. ಇಲ್ಲಿನ ಊಟ, ನಡಿಗೆ, ತೂಕದ ಇಳಿಕೆಯಿಂದ ಸಕ್ಕರೆ ಹತೋಟಿಗೆ ಬರುವುದು ಖಂಡಿತ ಸಾಧ್ಯ, ಆಗ ಮಾತ್ರೆ ಇಳಿಸುವುದನ್ನು ಬರೆದುಕೊಟ್ಟ ವೈದ್ಯರೇ ತೀರ್ಮಾನಿಸುತ್ತಾರೆ. ಮಧುನಾಶಿನಿ ಪುಡಿಯನ್ನು ತಮ್ಮಷ್ಟಕ್ಕೆ ಮಾತ್ರೆಯ ಜೊತೆಗೆ ಸೇರಿಸಿಕೊಂಡವರಿಗೆ ಸಕ್ಕರೆ ಅಳತೆ ಮೀರಿ ಇಳಿದು ತಲೆ ತಿರುಗುವ ಅಪಾಯವೂ ಇದೆ. ಬ್ಯಾನರಿನ ಬಗ್ಗೆ ವೈದ್ಯೆಯನ್ನು ಕೇಳಿದರೆ ಮುಜುಗರಪಟ್ಟುಕೊಂಡು, ಅದು ಮಾಲಕರ ಕಡೆಯದು ಎಂದರು. ರೋಗಿ ಮೊದಲು ಕಾಣುವುದು ಬ್ಯಾನರನ್ನೇ ಹೊರತು ವೈದ್ಯೆಯ ಮುಜುಗರವನ್ನಲ್ಲ.

ದರ ನಮ್ಮ ಊರಿನ ಮಟ್ಟಿಗೆ ತುಸು ಹೆಚ್ಚು, ಆದರೆ ಬಿಡಿಬಿಡಿಯಾಗಿ ಫಲಕದ ಮೇಲೆ ಬರೆದಿದ್ದಾರೆ, ರಸೀದಿ ಕೊಡುತ್ತಾರೆ. ಪ್ಯಾಕೇಜು ಕೊಳ್ಳುವಂತೆ ಸ್ವಾಗತದ ಮೇಜಿನಲ್ಲಿ ಒತ್ತಾಯ ಇದ್ದೇ ಇರುತ್ತದೆ. ಬೇಡವೆಂದು ಒಂದೊಂದೇ ಚಿಕಿತ್ಸೆಗೆ ಹಣ ಕಟ್ಟಿದರೂ ನಡೆಯುತ್ತದೆ, ನಾವು ಹಾಗೆಯೇ ಮಾಡಿದೆವು. ಕಾಲೇಜಿಗೆ ಸೇರಿದ ಆಯುರ್ವೇದ ಆಸ್ಪತ್ರೆಗಳಲ್ಲಿ ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಜಾನುಬಸ್ತಿ ಆಗುತ್ತದೆ, ಆದರೆ ಅಲ್ಲಿ ಸರದಿ ದೊಡ್ಡದು; ವಯಸ್ಸಾದವರನ್ನು ಬೆಂಚಿನ ಮೇಲೆ ಕಾಯಿಸಲಾಗದವರು ಇಲ್ಲಿಗೆ ಬರುತ್ತಾರೆ. ಆರೋಗ್ಯ ವಿಮೆ ಇರುವವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಹೊರರೋಗಿಯಾಗಿ ಮಾಡಿಸಿಕೊಂಡ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುತ್ತಾರೆ, ಕೋಣೆಗೆ ಒಳಗಿನಿಂದ ಚಿಲಕ ಇದೆ. ಟವೆಲ್ಲುಗಳು ಶುಭ್ರ, ಎಣ್ಣೆ ಜಿನುಗುವ ಕಾರಿಡಾರಿನ ನೆಲ ಮಾತ್ರ ಅಪಾಯಕಾರಿ, ಮೊಣಕಾಲು ನೋವಿನವರು ಎಣ್ಣೆಗಾಲಿನಲ್ಲಿ ನಡೆಯುವ ದಾರಿಗೆ ನುಣುಪು ಟೈಲ್ಸ್ ಹಾಕಿದವರಾರೋ ಗೊತ್ತಿಲ್ಲ. ಗೋಡೆಗೆ ಹಿಡಿಕೆ ಇಲ್ಲ, ಜೊತೆಗೆ ಒಬ್ಬರು ಇರಲೇಬೇಕು.

ಮೊಣಕಾಲು, ನಡ, ಕುತ್ತಿಗೆಯ ಹಳೆಯ ನೋವಿಗೆ, ಮಲಬದ್ಧತೆಗೆ, ತೂಕ ಇಳಿಸುವ ಊಟ ಕಲಿಯುವುದಕ್ಕೆ ಈ ಕೇಂದ್ರವನ್ನು ನಾನು ಸ್ನೇಹಿತರಿಗೆ ಹೇಳುತ್ತೇನೆ, ಹೇಳಿಯೂ ಇದ್ದೇನೆ. ಹೋಗುವವರು ಬೆಳಗಿನ ಪಾಳಿ ಹಿಡಿಯಬೇಕು, ಸಂಜೆ ನುರಿತ ಚಿಕಿತ್ಸಕಿಯರು ಇರುವುದಿಲ್ಲ. ಎಣ್ಣೆಯ ಕಲೆ ಹೋಗುವುದಿಲ್ಲವಾದ್ದರಿಂದ ಹಳೆಯ ಸೀರೆಯೋ ನೈಟಿಯೋ ಒಯ್ಯಬೇಕು. ನೇತಿಗೆ ಹೋಗುವುದಾದರೆ ಕುದಿಸಿ ಆರಿಸಿದ ನೀರಿನ ಬಾಟಲಿಯನ್ನೂ, ಸದ್ಯ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಮನೆಯಿಂದಲೇ ಒಯ್ಯಬೇಕು. ಶ್ರಾವಣ ಮುಗಿಯುವವರೆಗೆ ಜನ ಹೆಚ್ಚು, ವಾರದ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ರವಿವಾರ ಊಟದ ಕೋಣೆ ಮುಚ್ಚಿರುತ್ತದೆ.